ಗುಳಿಗೆ ಕುಟ್ಟುವ ಮುಂಚೆ ಒಂದು ಮಾತು ಕೇಳಿ

ವಿಜಯಪುರದ ನಮ್ಮ ಔಷಧ ಅಂಗಡಿಗೆ ಇಂಡಿ, ಸಿಂದಗಿ ಕಡೆಯಿಂದ ಬರುವವರು ಚೀಟಿ ತೋರಿಸಿ, ಗುಳಿಗೆ ಕಟ್ಟಿಸಿಕೊಂಡು, ಹೊರಡುವಾಗ ಒಂದು ಮಾತು ಸೇರಿಸುತ್ತಾರೆ: "ಅವ್ವಗ ನುಂಗಾಕ ಬರಾಂಗಿಲ್ರೀ, ಪುಡಿ ಮಾಡಿ ಕೊಡ್ತೀವಿ." ಈ ಮಾತನ್ನು ಡಾಕ್ಟರ ಮುಂದೆ ಆಡಿರುವುದಿಲ್ಲ. ಆಡಿದ್ದರೆ ಎಷ್ಟೋ ಸಲ ಚೀಟಿಯಲ್ಲಿ ಬೇರೆಯದೇ ಔಷಧಿ ಇರುತ್ತಿತ್ತು.

ಪಾರ್ಶ್ವವಾಯು ಹೊಡೆದಿದ್ದ ಅಜ್ಜಿಯೊಬ್ಬರಿಗೆ ಸೊಸೆ ಬಿಪಿ ಗುಳಿಗೆಯನ್ನು ಎಲೆ ಅಡಿಕೆಯ ಕುಟ್ಟಾಣಿಯಲ್ಲೇ ಕುಟ್ಟಿ ಮಜ್ಜಿಗೆಯಲ್ಲಿ ಕಲಸಿ ಕೊಡುತ್ತಿದ್ದರು. "ಗುಳಿಗಿ ಕೊಟ್ಟ ಮ್ಯಾಲ ಅತ್ತಿಗೆ ಕಣ್ಣಿಗೆ ಕತ್ತಲಿ ಬರ್ತೈತ್ರೀ" ಎಂದರು. ಗುಳಿಗೆಯ ಪಟ್ಟಿ (ಸ್ಟ್ರಿಪ್) ನೋಡಿದರೆ ನಿಫೆಡಿಪಿನ್ ರಿಟಾರ್ಡ್. ತಾಸುಗಟ್ಟಲೆ ಸ್ವಲ್ಪಸ್ವಲ್ಪವೇ ಕರಗಬೇಕಾದದ್ದು ಕುಟ್ಟಿದ್ದರಿಂದ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ, ಬಿಪಿ ದಿಢೀರನೆ ಕುಸಿಯುತ್ತದೆ. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಹಚ್ಚಿದೆವು. ಪುಡಿ ಮಾಡಬಹುದಾದ ಸಾದಾ ಅಮ್ಲೋಡಿಪಿನ್ ಬರೆದುಕೊಟ್ಟರು. ಆ ಮನೆಯವರು ಮಾಡಿದ್ದೆಲ್ಲ ಅಕ್ಕರೆಯಿಂದಲೇ, ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೇ.

ಪಟ್ಟಿಯ ಮೇಲೆ ಹೆಸರಿನ ಮುಂದೆ ಎಸ್‌ಆರ್, ಈಆರ್, ಎಕ್ಸ್‌ಎಲ್, ಸಿಆರ್, ರಿಟಾರ್ಡ್ ಎಂದಿದ್ದರೆ ಅದು ನಿಧಾನವಾಗಿ ಕರಗುವ ಗುಳಿಗೆ, ಕುಟ್ಟಬೇಡಿ, ಅಗಿಯಲೂ ಬೇಡಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಎಸ್‌ಆರ್ ನಮ್ಮಲ್ಲಿ ಮನೆಮನೆಗೂ ಇದೆ, ಅದೂ ಈ ಸಾಲಿನದೇ. ಅಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್ ಗುಳಿಗೆಯ ಲೇಪನ ಒಡೆದರೆ ಜಠರದ ಆಮ್ಲವೇ ಔಷಧಿಯನ್ನು ಹಾಳುಮಾಡುತ್ತದೆ. ಕೀಲುವಾತ, ಕ್ಯಾನ್ಸರ್‌ಗೆ ಕೊಡುವ ಮೆಥೊಟ್ರೆಕ್ಸೇಟ್‌ನಂಥದ್ದನ್ನು ಮನೆಯಲ್ಲಿ ಪುಡಿ ಮಾಡಲೇಬಾರದು. ಅದರ ಧೂಳು ಕುಟ್ಟುವವರಿಗೇ ಅಪಾಯ, ಬಸುರಿಯರಿಗಂತೂ ಇನ್ನೂ ಹೆಚ್ಚು.

ಹಾಗಾದರೆ ದಾರಿ ಏನು? ಫಿಟ್ಸಿನ ವಾಲ್ಪ್ರೋಯೇಟ್, ಲೆವೆಟಿರಾಸೆಟಮ್‌ಗೆ ಸಿರಪ್ ಇದೆ. ಕೆಲವು ಗುಳಿಗೆಗಳು ನೀರಿನಲ್ಲಿ ಕದಡುವಂಥವು, ವಾಂತಿಯ ಒಂಡಾನ್‌ಸೆಟ್ರಾನ್‌ನಲ್ಲಿ ನಾಲಿಗೆಯ ಮೇಲೇ ಕರಗುವ ಬಗೆಯೂ ಇದೆ. ಡಾಕ್ಟರಿಗೆ ತಿಳಿಸಿದರೆ ಬದಲಿಸಿ ಬರೆಯುತ್ತಾರೆ. ನೀವಾಗಿ ಬದಲಿಸಬೇಡಿ, ಡೋಸ್ ಬೇರೆಯಾಗಬಹುದು. ಪುಡಿ ಮಾಡಬಹುದು ಎಂದು ಖಾತ್ರಿಯಾದರೆ ಸ್ವಚ್ಛ ಚಮಚದಲ್ಲಿ ಅರೆದು, ಒಂದೇ ತುತ್ತು ಗಂಜಿಯಲ್ಲಿ ಕಲಸಿ ಕೂಡಲೇ ಕೊಡಿ. ಬಟ್ಟಲು ತುಂಬ ಕಲಸಿದರೆ ಅರ್ಧ ಔಷಧಿ ಬಟ್ಟಲಲ್ಲೇ ಉಳಿಯುತ್ತದೆ. ಥೈರಾಯ್ಡ್, ಕಬ್ಬಿಣಾಂಶ, ಸೋಂಕಿಗೆ ಕೊಡುವ ಸಿಪ್ರೊಫ್ಲೋಕ್ಸಾಸಿನ್ ಗುಳಿಗೆಗಳನ್ನು ಹಾಲು ಮೊಸರಿನ ಜೊತೆ ಕೊಟ್ಟರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಗಂಟಲು ಸರಿಯಿದ್ದೂ ಕ್ಯಾಪ್ಸೂಲ್ ಕಂಡರೆ ಹೆದರುವವರಿದ್ದಾರೆ. ಅವರು ಕತ್ತು ಹಿಂದಕ್ಕೆ ಎತ್ತುತ್ತಾರೆ, ಅಲ್ಲೇ ತಪ್ಪುವುದು. ಕ್ಯಾಪ್ಸೂಲ್ ನೀರಿನಲ್ಲಿ ತೇಲುತ್ತದೆ. ನಾಲಿಗೆಯ ಮೇಲಿಟ್ಟು, ಗುಟುಕು ನೀರು ತುಂಬಿಕೊಂಡು, ಗದ್ದವನ್ನು ಎದೆಯ ಕಡೆ ಬಗ್ಗಿಸಿ ನುಂಗಿ. ಜರ್ಮನಿಯ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದವರು 2014ರಲ್ಲಿ 151 ಜನರ ಮೇಲೆ ಇದನ್ನು ಪರೀಕ್ಷಿಸಿದಾಗ ಹೆಚ್ಚಿನವರಿಗೆ ಸುಲಭವಾಯಿತು. ನೀರು ಕುಡಿದರೆ ಕೆಮ್ಮು ಬರುವವರಿಗೆ, ನುಂಗಿದ ಮೇಲೆ ದನಿ ಗೊರಗೊರ ಎನ್ನುವವರಿಗೆ ಇದು ಬೇಡ. ಪಾರ್ಶ್ವವಾಯು, ಪಾರ್ಕಿನ್ಸನ್ ಇದ್ದವರಲ್ಲಿ ಗುಳಿಗೆ, ನೀರು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುವ ಭಯವಿದೆ. ನುಂಗುವಿಕೆ ಪರೀಕ್ಷಿಸುವ ತಜ್ಞರಿಗೆ ಮೊದಲು ತೋರಿಸಿ. ಪಾರ್ಕಿನ್ಸನ್ ಗುಳಿಗೆಯನ್ನು ಮಾತ್ರ, ನುಂಗಲು ಆಗುತ್ತಿಲ್ಲವೆಂದು ಏಕಾಏಕಿ ನಿಲ್ಲಿಸಬೇಡಿ.

ಮಲಗಿದ್ದವರ ಬಾಯಿಗೆ ಗುಳಿಗೆ ಹಾಕಬೇಡಿ. ಸೋಂಕಿನ ಡಾಕ್ಸಿಸೈಕ್ಲಿನ್, ಮೂಳೆ ಸವೆತದ ಅಲೆಂಡ್ರೊನೇಟ್ ಅನ್ನನಾಳಕ್ಕೆ ಅಂಟಿಕೊಂಡರೆ ಹುಣ್ಣಾಗುತ್ತದೆ. ಅವಕ್ಕೆ ತುಂಬಿದ ಲೋಟ ನೀರು ಬೇಕು, ಆಮೇಲೆ ಅರ್ಧ ತಾಸಾದರೂ ಮಲಗಬಾರದು.

ಇಷ್ಟು ದಿನ ಸಲೀಸಾಗಿ ನುಂಗುತ್ತಿದ್ದವರಿಗೆ ಮೊದಲು ರೊಟ್ಟಿ ಸಿಕ್ಕಿಹಾಕಿಕೊಂಡು, ಆಮೇಲೆ ಅನ್ನ, ಆಮೇಲೆ ಗಂಜಿಯೂ ಕಷ್ಟವಾಗಿ, ತೂಕ ಇಳಿಯುತ್ತಿದ್ದರೆ, ಅದರಲ್ಲೂ ತಂಬಾಕು, ಗುಟ್ಕಾ ಚಟ ಇದ್ದರೆ, ಅನ್ನನಾಳದ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಆಗ ಸಿರಪ್ ಕೇಳಿಕೊಂಡು ನಮ್ಮ ಅಂಗಡಿಗೆ ಬರಬೇಡಿ. ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಅದೇ ವಾರ ಹೋಗಿ.