ಕ್ಯಾಮ್ ಬದಲಿಸಿದರೆ ವಾಲ್ವ್ ಸ್ಪ್ರಿಂಗ್ ಬದಲಿಸಲೇಬೇಕೇ?

ಪ್ರಶ್ನೆ: ನನ್ನ ಬಳಿ ಹಳೆಯ 1.3 ಲೀಟರ್ ಮಾರುತಿ ಎಸ್ಟೀಮ್ ಕಾರು ಇದೆ. ಟ್ರ್ಯಾಕ್‌ನಲ್ಲಿ ಓಡಿಸಲೆಂದೇ ಅದನ್ನು ಸಿದ್ಧಪಡಿಸುತ್ತಿದ್ದೇನೆ. ಹೆಚ್ಚು ಲಿಫ್ಟ್ ಇರುವ, ಅಂದರೆ ವಾಲ್ವನ್ನು ಹೆಚ್ಚು ದೂರ ತೆರೆಯುವ ಪರ್ಫಾರ್ಮೆನ್ಸ್ ಕ್ಯಾಮ್ ಹಾಕಿಸಬೇಕೆಂದಿದ್ದೇನೆ. ಕಂಪನಿಯ ಸ್ಪ್ರಿಂಗ್‌ಗಳೇ ಸಾಕು ಎಂದು ಒಬ್ಬ ಮೆಕ್ಯಾನಿಕ್ ಹೇಳುತ್ತಾರೆ. ಸಿಗುವುದರಲ್ಲಿ ಅತ್ಯಂತ ಗಟ್ಟಿಯಾದದ್ದನ್ನು ಹಾಕಿ, ಮರೆತುಬಿಡಿ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ? ಮುಂದೆ ಟರ್ಬೊ ಹಾಕಿಸುವ ಆಸೆಯೂ ಇದೆ.

ಉತ್ತರ: ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಕಂಪನಿಯ ಸ್ಪ್ರಿಂಗ್ ಬಹುಮಟ್ಟಿಗೆ ಸಾಲದು. ಅತಿ ಗಟ್ಟಿಯಾದದ್ದು ಬೇಡವೇ ಬೇಡ. ನೀವು ಎಂಜಿನ್ನನ್ನು ಎಷ್ಟು ಆರ್‌ಪಿಎಂವರೆಗೆ (ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ) ಎಳೆಯುತ್ತೀರೋ ಅಲ್ಲಿಯವರೆಗೆ ಆ ಕ್ಯಾಮ್‌ನೊಂದಿಗೆ ವಾಲ್ವನ್ನು ಹತೋಟಿಯಲ್ಲಿಡಬಲ್ಲ ಸ್ಪ್ರಿಂಗ್‌ಗಳ ಪೈಕಿ ಅತ್ಯಂತ ಮೆದುವಾದದ್ದು ಯಾವುದೋ ಅದೇ ಸರಿಯಾದ ಸ್ಪ್ರಿಂಗ್. ಅದು ಯಾವುದೆಂದು ಕೈಯಲ್ಲಿ ಒತ್ತಿ ನೋಡಿದರೆ ತಿಳಿಯುವುದಿಲ್ಲ, ಅಳೆದರೆ ತಿಳಿಯುತ್ತದೆ.

ಮೊದಲು ಸ್ಪ್ರಿಂಗ್ ಮಾಡುವ ಕೆಲಸ ನೋಡೋಣ. ಸಿಲಿಂಡರಿಗೆ ಗಾಳಿ ಬರುವ (ಇನ್‌ಟೇಕ್), ಹೊಗೆ ಹೋಗುವ (ಎಗ್ಜಾಸ್ಟ್) ದಾರಿಗಳನ್ನು ತೆರೆದು ಮುಚ್ಚುವುದು ವಾಲ್ವ್. ಅದನ್ನು ತಳ್ಳಿ ತೆರೆಯುವುದು ತಿರುಗುವ ಕ್ಯಾಮ್ ದಂಡದ ಮೇಲಿನ ಉಬ್ಬು, ಅಂದರೆ ಲೋಬ್. ತೆರೆದ ವಾಲ್ವನ್ನು ಮುಚ್ಚುವುದೇ ಅದರ ಕೆಲಸ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರ್ಧ ಸತ್ಯ. ಲೋಬಿನ ಏರುಮುಖ ವಾಲ್ವನ್ನು ರಭಸದಿಂದ ತಳ್ಳುತ್ತದೆ. ಲೋಬಿನ ತುದಿ ಹತ್ತಿರವಾದಂತೆ ಆ ರಭಸ ಇಳಿದು, ತುದಿಯಲ್ಲಿ ಒಂದು ಕ್ಷಣ ನಿಂತು, ವಾಲ್ವ್ ಹಿಂದಿರುಗಬೇಕು. ಆದರೆ ಕ್ಯಾಮ್ ತಳ್ಳಬಲ್ಲದೇ ಹೊರತು ಎಳೆಯಲಾರದು. ಓಡುತ್ತಿರುವ ವಾಲ್ವ್, ಸ್ಪ್ರಿಂಗಿನ ಮೇಲೆ ಕೂರುವ ಬಿಲ್ಲೆಯಂಥ ರಿಟೇನರ್, ಲೋಬಿನ ತಳ್ಳನ್ನು ವಾಲ್ವಿಗೆ ಮುಟ್ಟಿಸುವ ಸನ್ನೆಯಾದ ರಾಕರ್ ಆರ್ಮ್ ಎಲ್ಲವನ್ನೂ ತಡೆದು ನಿಲ್ಲಿಸಲು ಇರುವುದು ಸ್ಪ್ರಿಂಗ್ ಒಂದೇ. ರಸ್ತೆಯುಬ್ಬನ್ನು ವೇಗವಾಗಿ ದಾಟುವ ಬಸ್ಸಿನ ಕೊನೆಯ ಸಾಲಿನಲ್ಲಿ ಕುಳಿತವರು ಸೀಟು ಬಿಟ್ಟು ಮೇಲೇಳುವಂತೆ, ಸ್ಪ್ರಿಂಗಿನ ಬಲ ಸಾಲದಾದಾಗ ರಾಕರ್ ಕೂಡ ಲೋಬನ್ನು ಬಿಟ್ಟು ಗಾಳಿಯಲ್ಲಿ ತೇಲುತ್ತದೆ. ವಾಲ್ವ್ ಫ್ಲೋಟ್ ಎನ್ನುವುದು ಇದಕ್ಕೇ. ಅದು ಶುರುವಾಗುವುದು ಲೋಬಿನ ತುದಿಯಲ್ಲಿ. ಪೆಟ್ಟು ಬೀಳುವುದು ಆಮೇಲೆ: ತೇಲಿದ ರಾಕರ್ ಇಳಿಮುಖದ ಮೇಲೆ ದಪ್ಪನೆ ಬಂದು ಬೀಳುತ್ತದೆ, ಇಲ್ಲವೇ ವಾಲ್ವ್ ಮುಚ್ಚಿದಾಗ ತಾನು ಕೂರುವ ಅಂಚಿಗೆ, ಅಂದರೆ ಸೀಟಿಗೆ, ಬಡಿದು ಮತ್ತೆ ಪುಟಿಯುತ್ತದೆ. ಎಂಜಿನ್ ತಡವರಿಸುತ್ತದೆ, ಪವರ್ ಒಮ್ಮೆಲೇ ಕುಸಿಯುತ್ತದೆ. ಎಗ್ಜಾಸ್ಟ್ ವಾಲ್ವ್ ತಡವಾಗಿ ಮುಚ್ಚುವಾಗ ಪಿಸ್ಟನ್ ಮೇಲೇರಿ ಬರುತ್ತಿರುತ್ತದೆ. ಜಾಗ ಕಡಿಮೆಯಿರುವ ಎಂಜಿನ್‌ಗಳಲ್ಲಿ ಎರಡೂ ಭೇಟಿಯಾಗುವುದು ಅಲ್ಲಿಯೇ.

ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, 6000 ಆರ್‌ಪಿಎಂನಲ್ಲಿದ್ದರೆ ಕ್ಯಾಮ್ ತಿರುಗುವುದು 3000ದಲ್ಲಿ. ಎಂದರೆ ಪ್ರತಿ ವಾಲ್ವ್ ಸೆಕೆಂಡಿಗೆ 50 ಬಾರಿ ತೆರೆದು ಮುಚ್ಚುತ್ತದೆ. ವಾಲ್ವನ್ನು ತಡೆಯಲು ಬೇಕಾದ ಬಲ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 6000ದಿಂದ 7200ಕ್ಕೆ ಹೋದರೆ ವೇಗ ಹೆಚ್ಚಿದ್ದು ಶೇ 20, ಬೇಕಾದ ಬಲ ಹೆಚ್ಚಿದ್ದು ಶೇ 44. ಪರ್ಫಾರ್ಮೆನ್ಸ್ ಕ್ಯಾಮ್ ಪವರ್ ಕೊಡುವ ವ್ಯಾಪ್ತಿಯನ್ನೇ ಮೇಲಕ್ಕೆ ಸರಿಸುತ್ತದೆ. ಆ ಹೆಚ್ಚುವರಿ ಆರ್‌ಪಿಎಂ ಮುಟ್ಟದಿದ್ದರೆ ಕ್ಯಾಮ್‌ಗೆ ಕೊಟ್ಟ ದುಡ್ಡು ದಂಡ; ಮುಟ್ಟಿದರೆ ಹಳೆಯ ಸ್ಪ್ರಿಂಗ್ ಸೋಲುತ್ತದೆ. ‘ಕಂಪನಿಯ ಸ್ಪ್ರಿಂಗ್ ಸಾಕು’ ಎನ್ನುವವರು ಸಾಮಾನ್ಯವಾಗಿ ಲಿಫ್ಟನ್ನು ಮಾತ್ರ ನೋಡಿರುತ್ತಾರೆ, ಆರ್‌ಪಿಎಂ ಲೆಕ್ಕ ಹಾಕಿರುವುದಿಲ್ಲ.

ಈಗ ಕೆಲವು ಅಂಕಿಗಳು. ಇವು ಲೆಕ್ಕ ತೋರಿಸಲು ನಾನು ಆರಿಸಿಕೊಂಡವು, ನಿಮ್ಮ ಎಂಜಿನ್ನಿನವಲ್ಲ. ವಾಲ್ವ್ ಮುಚ್ಚಿರುವಾಗ ಸ್ಪ್ರಿಂಗ್ ಕುಳಿತಿರುವ ಎತ್ತರ 36 ಮಿ.ಮೀ. ಆಗ ಅದು ಒತ್ತುವ ಬಲ, ಅಂದರೆ ಸೀಟ್ ಲೋಡ್, 25 ಕೆ.ಜಿ. ಒಂದು ಮಿಲಿಮೀಟರ್ ಒತ್ತಿದಂತೆಲ್ಲ ಬಲ 3.2 ಕೆ.ಜಿ. ಏರುತ್ತದೆ. ಸುರುಳಿಗಳೆಲ್ಲ ಒಂದಕ್ಕೊಂದು ತಾಗಿ ಇನ್ನು ಕುಗ್ಗಲಾರದು ಎನ್ನುವ ಎತ್ತರ 24.8 ಮಿ.ಮೀ. ಮೂಲ ಕ್ಯಾಮ್ ವಾಲ್ವನ್ನು 8.5 ಮಿ.ಮೀ. ಎತ್ತುತ್ತಿತ್ತು ಎಂದುಕೊಳ್ಳಿ. ಆಗ ಪೂರ್ತಿ ತೆರೆದಾಗಿನ ಬಲ 52.2 ಕೆ.ಜಿ., ಸುರುಳಿಗಳ ನಡುವೆ ಒಟ್ಟು ಉಳಿದ ಜಾಗ 2.7 ಮಿ.ಮೀ. ಆರಾಮವಾಗಿದೆ.

ಹೊಸ ಕ್ಯಾಮ್ 10.5 ಮಿ.ಮೀ. ಎತ್ತುತ್ತದೆ. ಬಲ 58.6 ಕೆ.ಜಿ.ಗೆ ಏರಿತು, ಉಳಿದ ಜಾಗ 0.7 ಮಿ.ಮೀ.ಗೆ ಇಳಿಯಿತು. ಬಲ ಹೆಚ್ಚಿದ್ದು ಶೇ 12 ಮಾತ್ರ. ಆರ್‌ಪಿಎಂ ಕೇಳುತ್ತಿರುವುದು ಶೇ 44. ಕಂಪನಿ ಒಂದಷ್ಟು ಮೀಸಲು ಬಲ ಇಟ್ಟಿರುತ್ತದೆ ನಿಜ, ಆದರೆ ಅದನ್ನೇ ನಂಬಿ ಎಂಜಿನ್ ಎಳೆಯುವುದು ಜೂಜು. ಸರಿ, ಸ್ಪ್ರಿಂಗಿನ ಕೆಳಗೆ 1 ಮಿ.ಮೀ. ದಪ್ಪದ ಬಿಲ್ಲೆ, ಅಂದರೆ ಶಿಮ್, ಇಟ್ಟು ಬಲ ಹೆಚ್ಚಿಸೋಣ ಎನ್ನುತ್ತೀರಿ. ಗ್ಯಾರೇಜುಗಳಲ್ಲಿ ಮೊದಲು ಹೊಳೆಯುವ ಉಪಾಯ ಇದೇ. ಸೀಟ್ ಲೋಡ್ 28.2 ಕೆ.ಜಿ. ಆಗುತ್ತದೆ, ಕೇಳಲು ಚೆನ್ನಾಗಿದೆ. ಆದರೆ ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿಗೆ ಉಳಿಯುವ ಎತ್ತರ 24.5 ಮಿ.ಮೀ. ಸ್ಪ್ರಿಂಗ್ 24.8ಕ್ಕೇ ನಿಂತುಬಿಟ್ಟಿರುತ್ತದೆ. ಕಾಯಿಲ್ ಬೈಂಡ್. ಕ್ಯಾಮ್ ತಿರುಗಲೇಬೇಕು, ಸ್ಪ್ರಿಂಗ್ ಕುಗ್ಗಲಾರದು. ಮುರಿಯುವುದು ರಾಕರೋ, ರಿಟೇನರೋ, ಲೋಬೋ ಎನ್ನುವುದಷ್ಟೇ ಪ್ರಶ್ನೆ. ಪೂರ್ತಿ ಲಿಫ್ಟ್‌ನಲ್ಲೂ ಒಟ್ಟು 1ರಿಂದ 1.5 ಮಿ.ಮೀ. ಜಾಗ ಉಳಿಯುವಂತೆ ನೋಡಿಕೊಳ್ಳಬೇಕು.

ಇಲ್ಲಿ ಲಿಫ್ಟ್ ಎಂದರೆ ವಾಲ್ವ್ ಚಲಿಸುವ ದೂರ, ಲೋಬಿನ ಎತ್ತರವಲ್ಲ. ಎಸ್ಟೀಮ್‌ನಂತೆ ರಾಕರ್ ಆರ್ಮ್ ಇರುವ ಎಂಜಿನ್ನಿನಲ್ಲಿ ಲೋಬ್ ಲಿಫ್ಟನ್ನು ರಾಕರ್ ಅನುಪಾತದಿಂದ (ಲೋಬ್ ಬದಿ 1 ಮಿ.ಮೀ. ಸರಿದರೆ ವಾಲ್ವ್ ಬದಿ ಎಷ್ಟು ಸರಿಯುತ್ತದೆ ಎನ್ನುವ ಅಂಕಿ) ಗುಣಿಸಬೇಕು. ಕ್ಯಾಮ್ ಜತೆ ತಯಾರಕರು ಕೊಡುವ ವಿವರಗಳ ಕಾರ್ಡಿನಲ್ಲಿ ಯಾವ ಅಂಕಿ ಬರೆದಿದೆ ಎಂದು ಕೇಳಿಯೇ ಮುಂದುವರಿಯಿರಿ.

ಲಿಫ್ಟ್ ಒಂದೇ ಇರುವ ಎರಡು ಕ್ಯಾಮ್‌ಗಳಿಗೂ ಬೇರೆ ಬೇರೆ ಸ್ಪ್ರಿಂಗ್ ಬೇಕಾಗಬಹುದು. ಒಂದರ ಡ್ಯುರೇಶನ್, ಅಂದರೆ ಕ್ರ್ಯಾಂಕ್ ತಿರುಗುವ ಡಿಗ್ರಿಗಳಲ್ಲಿ ವಾಲ್ವ್ ತೆರೆದಿರುವ ಅವಧಿ, 280 ಡಿಗ್ರಿ, ಇನ್ನೊಂದರದು 250, ಎರಡೂ 10.5 ಮಿ.ಮೀ. ಎತ್ತುತ್ತವೆ ಎನ್ನೋಣ. ಎರಡನೆಯದು ಅಷ್ಟೇ ದೂರವನ್ನು ಕಡಿಮೆ ಸಮಯದಲ್ಲಿ ಮುಗಿಸಬೇಕು. ಲೋಬಿನ ರೂಪ ಒಂದೇ ಬಗೆಯದಾಗಿದ್ದರೆ ಅದೇ ಆರ್‌ಪಿಎಂನಲ್ಲಿ ಸುಮಾರು ಶೇ 25ರಷ್ಟು ಹೆಚ್ಚು ಬಲ ಕೇಳುತ್ತದೆ. ‘ಚಿಕ್ಕ ಕ್ಯಾಮ್, ಊರೊಳಗೂ ಓಡಿಸಬಹುದು’ ಎಂದು ಮಾರುವ ಕ್ಯಾಮ್‌ಗಳು ಕೆಲವೊಮ್ಮೆ ದೊಡ್ಡವಕ್ಕಿಂತ ಹೆಚ್ಚು ಒರಟಾಗಿರುವುದು ಈ ಕಾರಣಕ್ಕೆ. ಲೋಬಿನ ನಿಜವಾದ ರೂಪ ಗೊತ್ತಿರುವುದು ಅದನ್ನು ಗ್ರೈಂಡ್ ಮಾಡಿದವರಿಗೆ ಮಾತ್ರ. ಆದ್ದರಿಂದ ಸ್ಪ್ರಿಂಗಿನ ಶಿಫಾರಸನ್ನೂ ಅವರಿಂದಲೇ ಬರೆಸಿಕೊಳ್ಳಿ: ಎಷ್ಟು ಎತ್ತರದಲ್ಲಿ ಎಷ್ಟು ಸೀಟ್ ಲೋಡ್, ಪೂರ್ತಿ ತೆರೆದಾಗ ಎಷ್ಟು, ಯಾವ ಆರ್‌ಪಿಎಂವರೆಗೆ. ಈ ಮೂರನ್ನು ಹೇಳಲಾರದವರ ಕ್ಯಾಮ್ ಕೊಳ್ಳಬೇಡಿ ಎಂದೇ ನನ್ನ ಸಲಹೆ. ಅಮೆರಿಕದ ಕಾರ್ಡುಗಳಲ್ಲಿ ಪೌಂಡು, ಇಂಚು ಇರುತ್ತವೆ. ಒಂದು ಪೌಂಡ್ ಎಂದರೆ 0.454 ಕೆ.ಜಿ.; ಮಿಲಿಮೀಟರಿಗೆ ಒಂದು ಕೆ.ಜಿ. ಎಂದರೆ ಇಂಚಿಗೆ ಸುಮಾರು 56 ಪೌಂಡ್.

ಹಾಗಾದರೆ ಅತ್ಯಂತ ಗಟ್ಟಿಯಾದದ್ದನ್ನೇ ಹಾಕಿದರೆ ತಪ್ಪೇನು? ‘ಸ್ಪ್ರಿಂಗ್ ಪವರ್ ತಿನ್ನುತ್ತದೆ’ ಎನ್ನುವ ಉತ್ತರ ನಿಮ್ಮ ಕಿವಿಗೆ ಬಿದ್ದಿರಬಹುದು. ಅದು ಅಷ್ಟು ಸರಿಯಲ್ಲ. ತೆರೆಯುವಾಗ ಸ್ಪ್ರಿಂಗಿನೊಳಗೆ ಹೋದ ಶಕ್ತಿಯ ಬಹುಪಾಲು, ಮುಚ್ಚುವಾಗ ಲೋಬಿನ ಇಳಿಮುಖವನ್ನು ತಳ್ಳಿ ಕ್ಯಾಮ್‌ಗೇ ಮರಳುತ್ತದೆ. ನಷ್ಟವಾಗುವುದು ಘರ್ಷಣೆಯ ಪಾಲು ಮಾತ್ರ. ನಿಜವಾದ ತೊಂದರೆ ಸವೆತ. ರೋಲರ್ ಇಲ್ಲದೆ ಲೋಬಿನ ಮೇಲೆ ಜಾರುವ ರಾಕರ್ ಇದ್ದರೆ, ಲೋಬಿನ ತುದಿಯ ಕಿರಿದಾದ ಗೆರೆಯೊಂದರ ಮೇಲೆ ಈ ಭಾರವೆಲ್ಲ ಬೀಳುತ್ತದೆ. ಎಣ್ಣೆಯ ಪದರ ಅಲ್ಲಿ ಮೊದಲೇ ತೆಳು. ಅದು ಹರಿದರೆ ಲೋಬು ತಿಂಗಳುಗಳಲ್ಲಿ ಚಪ್ಪಟೆಯಾಗುತ್ತದೆ, ಪುಡಿಯಾದ ಉಕ್ಕು ಎಣ್ಣೆಯ ಜತೆ ಬೇರಿಂಗುಗಳಿಗೆ ಹೋಗುತ್ತದೆ. ಟೈಮಿಂಗ್ ಬೆಲ್ಟಿಗೂ ಎಳೆತ ಹೆಚ್ಚು. ಇಂತಹ ಎಂಜಿನ್ನಿಗೆ ಸತುವಿನ ಅಂಶ ಸಾಕಷ್ಟಿರುವ ಎಣ್ಣೆ ಬೇಕು. ಹೊಸ ಕ್ಯಾಮ್ ಹಾಕಿದ ಮೇಲೆ ಮೊದಲ 20 ನಿಮಿಷ ಐಡಲಿಂಗ್‌ನಲ್ಲಿ ಬಿಡದೆ 2000 ಆರ್‌ಪಿಎಂ ಮೇಲೆಯೇ ಓಡಿಸಬೇಕು. ಲೋಬಿನ ಮೇಲೆ ಎಣ್ಣೆ ಸಾಕಷ್ಟು ಬೀಳುವುದು ಆಗಲೇ.

ಗಟ್ಟಿತನಕ್ಕಿಂತ ತೂಕ ಇಳಿಸುವುದು ಒಳ್ಳೆಯ ದಾರಿ, ಅಷ್ಟಾಗಿ ಯಾರೂ ಮಾತಾಡದ ದಾರಿ ಕೂಡ. ವಾಲ್ವ್, ರಿಟೇನರ್, ಅದನ್ನು ವಾಲ್ವಿಗೆ ಕಚ್ಚಿಸುವ ಲಾಕ್‌ಗಳ ಪೂರ್ತಿ ತೂಕ ಲೆಕ್ಕಕ್ಕೆ ಬರುತ್ತದೆ. ಸ್ಪ್ರಿಂಗಿನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ. ಮೇಲ್ಭಾಗ ಕಿರಿದಾದ ಬೀಹೈವ್ ಸ್ಪ್ರಿಂಗ್‌ಗಳ ಗುಣ ಇರುವುದೇ ಇಲ್ಲಿ: ಅವುಗಳಿಗೆ ಚಿಕ್ಕ, ಹಗುರ ರಿಟೇನರ್ ಸಾಕು. ಸುರುಳಿಗಳ ಅಗಲ ಬೇರೆ ಬೇರೆ ಇರುವುದರಿಂದ ಸ್ಪ್ರಿಂಗ್ ತನ್ನಷ್ಟಕ್ಕೆ ಕಂಪಿಸುವುದೂ ಕಡಿಮೆ. ಕಂಪನ ಸಣ್ಣ ವಿಷಯವಲ್ಲ. ಕೆಲವು ಆರ್‌ಪಿಎಂಗಳಲ್ಲಿ ಸ್ಪ್ರಿಂಗಿನೊಳಗೆ ಅಲೆಗಳೆದ್ದು, ಕಾಗದದ ಮೇಲೆ ಸಾಕಾಗುವ ಬಲ ಅಲ್ಲಿ ಸಾಲದಾಗುತ್ತದೆ. ಡಬಲ್ ಸ್ಪ್ರಿಂಗ್ ಇದಕ್ಕೆ ಇನ್ನೊಂದು ಪರಿಹಾರ: ಒಳಗಿನದು, ಹೊರಗಿನದು ಬೇರೆ ಬೇರೆ ಲಯದಲ್ಲಿ ಕಂಪಿಸುತ್ತವೆ, ಒಂದರ ಸುರುಳಿ ಇನ್ನೊಂದಕ್ಕೆ ಸಿಕ್ಕಿಕೊಳ್ಳದಿರಲೆಂದು ವಿರುದ್ಧ ದಿಕ್ಕಿಗೆ ಸುತ್ತಿರುತ್ತಾರೆ. ಹೊರಗಿನದು ಮುರಿದರೂ ವಾಲ್ವ್ ಸಿಲಿಂಡರಿನೊಳಗೆ ಬೀಳದಂತೆ ಒಳಗಿನದು ಹಿಡಿದಿಡುತ್ತದೆ. ಆದರೆ ಅದನ್ನು ಕೂರಿಸಲು ಹೆಡ್ (ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ) ಕೊರೆಯಬೇಕಾಗಿ ಬಂದರೆ ಹುಷಾರು, ಕೆಳಗೆ ಕೂಲಂಟ್ ಹರಿಯುವ ದಾರಿ ಇರುತ್ತದೆ.

ಉಕ್ಕಿನ ಸ್ಪ್ರಿಂಗಿನ ಶಕ್ತಿಯನ್ನು ಕೀಳಾಗಿ ಕಾಣುವವರಿಗೆ ಒಂದು ಮಾತು. ಫಾರ್ಮುಲಾ ಒನ್‌ನಲ್ಲಿ ರೆನೋ 1986ರಲ್ಲೇ ಸ್ಪ್ರಿಂಗ್ ಬಿಟ್ಟು ಒತ್ತಡದ ಅನಿಲ ಬಳಸಿತು. ಡುಕಾಟಿ ವಾಲ್ವನ್ನು ಮುಚ್ಚಲೂ ಲೋಬನ್ನೇ ಬಳಸುವ ಡೆಸ್ಮೊ ವ್ಯವಸ್ಥೆಯಿಂದ ಹೆಸರು ಮಾಡಿತು. ಆದರೆ 1999ರಲ್ಲಿ ಹೋಂಡಾ ಶೋರೂಮಿಗೆ ತಂದ ಎಸ್2000 ಕಾರು ಉಕ್ಕಿನ ಸ್ಪ್ರಿಂಗ್‌ಗಳ ಮೇಲೆಯೇ 9000 ಆರ್‌ಪಿಎಂ ಮುಟ್ಟುತ್ತಿತ್ತು. ಅಲ್ಲಿ ಪ್ರತಿ ಭಾಗವನ್ನೂ ಇನ್ನೊಂದಕ್ಕೆ ಹೊಂದಿಸಿದ್ದರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇರೆ ಯಾವುದೋ ಕಾರಿನ ಸ್ಪ್ರಿಂಗ್ ಆರಿಸಿ ತಂದು ‘ಇದು ದಪ್ಪಗಿದೆ’ ಎಂದು ಹಾಕುವುದು ಹೊಂದಿಸುವುದಲ್ಲ.

ನಿಮ್ಮ ಹೆಡ್ ಬಿಚ್ಚಿದಾಗ ಮಾಡಿಸಬೇಕಾದ ಅಳತೆ ಕಷ್ಟದ್ದಲ್ಲ. ಸ್ಪ್ರಿಂಗ್ ಇಲ್ಲದೆ ವಾಲ್ವ್, ರಿಟೇನರ್, ಲಾಕ್ ಜೋಡಿಸಿ, ರಿಟೇನರನ್ನು ಮೇಲಕ್ಕೆಳೆದು ಹಿಡಿದು, ಸ್ಪ್ರಿಂಗ್ ಕೂರುವ ತಳದಿಂದ ರಿಟೇನರಿನ ಅಡಿಯವರೆಗೆ ಅಳೆಯಿರಿ. ಒಂದು ವಾಲ್ವ್ ಅಳೆದು ಉಳಿದವೂ ಅಷ್ಟೇ ಎಂದುಕೊಳ್ಳಬೇಡಿ. ಹಳೆಯ ಹೆಡ್‌ಗಳಲ್ಲಿ ಸೀಟ್ ಕಟಿಂಗ್ ಆಗಿರುತ್ತದೆ, ಕೆಲವೊಮ್ಮೆ ಎರಡು ಸಲ. ಸೀಟು ಕತ್ತರಿಸಿದಷ್ಟೂ ವಾಲ್ವ್ ಹೆಡ್‌ನೊಳಗೆ ಸರಿದು, ಸ್ಪ್ರಿಂಗ್ ಕೂರುವ ಎತ್ತರ ಹೆಚ್ಚಿ, ಸೀಟ್ ಲೋಡ್ ಇಳಿಯುತ್ತದೆ. ನಮ್ಮ ಲೆಕ್ಕದ ಸ್ಪ್ರಿಂಗಿನಲ್ಲಿ 0.8 ಮಿ.ಮೀ. ವ್ಯತ್ಯಾಸವಾದರೂ ಎರಡೂವರೆ ಕೆ.ಜಿ. ಮಾಯ. ತೆಳು ಶಿಮ್‌ಗಳ ನಿಜವಾದ ಉಪಯೋಗ ಇದು, ಎಲ್ಲ ವಾಲ್ವ್‌ಗಳನ್ನೂ ಒಂದೇ ಎತ್ತರಕ್ಕೆ ತರುವುದು. ಬಳಿಕ ಪೂರ್ತಿ ಲಿಫ್ಟ್‌ನಲ್ಲಿ ರಿಟೇನರಿನ ಅಡಿಗೂ ವಾಲ್ವಿನ ಕಡ್ಡಿಯ ಗುಂಟ ಎಣ್ಣೆ ಇಳಿಯದಂತೆ ತಡೆಯುವ ಸ್ಟೆಮ್ ಸೀಲಿಗೂ ನಡುವೆ 1.5 ಮಿ.ಮೀ. ಇದೆಯೇ ನೋಡಿ. ಸ್ಪ್ರಿಂಗ್ ಸರಿಯಾಗಿದ್ದೂ ರಿಟೇನರ್ ಸೀಲಿಗೆ ಬಡಿದು ಎಂಜಿನ್ ಹೊಗೆ ಉಗುಳುವುದುಂಟು. ಪಿಸ್ಟನ್ ಮತ್ತು ವಾಲ್ವ್ ನಡುವಿನ ಜಾಗವನ್ನು ಮೆದು ಸ್ಪ್ರಿಂಗ್ ಹಾಕಿ, ಎಂಜಿನ್ ಕೈಯಲ್ಲಿ ತಿರುಗಿಸಿ ಅಳೆಯಿರಿ. ಇನ್‌ಟೇಕ್ ಬದಿಗೆ 2, ಎಗ್ಜಾಸ್ಟ್ ಬದಿಗೆ 2.5 ಮಿ.ಮೀ. ಸಾಮಾನ್ಯವಾಗಿ ಒಪ್ಪುವ ಅಂತರ.

ಆರ್‌ಪಿಎಂ ಮಿತಿ ಮೀರದಂತೆ ತಡೆಯುವ ರೆವ್ ಲಿಮಿಟರ್ ಇದೆಯಲ್ಲ ಎನ್ನಬೇಡಿ. ನಾಲ್ಕರಿಂದ ಮೂರಕ್ಕೆ ಇಳಿಸುವ ಬದಲು ಕೈತಪ್ಪಿ ಒಂದನೇ ಗೇರಿಗೆ ಹಾಕಿದರೆ ಎಂಜಿನ್ನನ್ನು ತಿರುಗಿಸುವುದು ಚಕ್ರಗಳು. ಲಿಮಿಟರ್ ಏನೂ ಮಾಡಲಾರದು. ನಿಮ್ಮ ಗರಿಷ್ಠ ಆರ್‌ಪಿಎಂಗಿಂತ ಐನೂರಾದರೂ ಮೇಲಿನವರೆಗೆ ತಡೆಯುವ ಸ್ಪ್ರಿಂಗ್ ಆರಿಸಿ ಎನ್ನುವುದು ಇದಕ್ಕೇ. ಇನ್ನು, ಈ ಕಾರನ್ನು ಟ್ರ್ಯಾಕ್‌ಗೆ ಮೀಸಲಿಟ್ಟಿದ್ದೀರಿ ಎಂದಿರಿ, ಒಳ್ಳೆಯದು. ನೋಂದಣಿಯ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, ಹೊಗೆ ತಪಾಸಣೆಯ ರಗಳೆ ಬೇರೆ.

ಕೊನೆಗೆ ಟರ್ಬೊ. ಟರ್ಬೊ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ, ಅಂದರೆ ಬೂಸ್ಟ್, ಇನ್‌ಟೇಕ್ ವಾಲ್ವಿನ ಬೆನ್ನಿಗೆ ಒತ್ತಿ ಅದನ್ನು ಸೀಟಿನಿಂದ ಎಬ್ಬಿಸಲು ನೋಡುತ್ತದೆ. 30 ಮಿ.ಮೀ. ವಾಲ್ವಿನ ವಿಸ್ತೀರ್ಣ ಸುಮಾರು 7 ಚದರ ಸೆಂ.ಮೀ. 1 ಬಾರ್ ಬೂಸ್ಟ್ ಅದರ ಮೇಲೆ 7 ಕೆ.ಜಿ.ಗೂ ತುಸು ಹೆಚ್ಚು ತಳ್ಳುತ್ತದೆ. 25 ಕೆ.ಜಿ. ಸೀಟ್ ಲೋಡಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಅಲ್ಲೇ ಹೋಯಿತು. ಹೊಗೆಯ ರಭಸಕ್ಕೆ ತಿರುಗುವ ಟರ್ಬೈನಿಗೆ ಮುಂಚಿನ ಪೈಪಿನಲ್ಲಿ ಒತ್ತಡ ಬೂಸ್ಟಿಗಿಂತಲೂ ಹೆಚ್ಚಿರುವುದು ಸಾಮಾನ್ಯವಾದ್ದರಿಂದ ಎಗ್ಜಾಸ್ಟ್ ವಾಲ್ವಿಗೂ ಇದೇ ಕಾಟ. ಟರ್ಬೊಗೆ ಹೊಂದುವ ಕ್ಯಾಮ್ ಕೂಡ ಬೇರೆಯೇ, ಇನ್‌ಟೇಕ್ ಮತ್ತು ಎಗ್ಜಾಸ್ಟ್ ಒಟ್ಟಿಗೆ ತೆರೆದಿರುವ ಅವಧಿ ಅದರಲ್ಲಿ ಸಾಮಾನ್ಯವಾಗಿ ಕಡಿಮೆ. ಈಗ ಕ್ಯಾಮ್, ಎರಡು ವರ್ಷದ ಮೇಲೆ ಟರ್ಬೊ ಎಂದರೆ ಕ್ಯಾಮ್ ಮತ್ತು ಸ್ಪ್ರಿಂಗ್ ಎರಡನ್ನೂ ಎರಡು ಸಲ ಕೊಳ್ಳುತ್ತೀರಿ. ಟರ್ಬೊ ಖಚಿತವಾಗಿದ್ದರೆ ಈಗಲೇ ಕ್ಯಾಮ್ ಗ್ರೈಂಡ್ ಮಾಡುವವರಿಗೆ ಹಾಗೆಂದು ಹೇಳಿ, ಎಷ್ಟು ಬಾರ್ ಎನ್ನುವುದನ್ನೂ ತಿಳಿಸಿ, ಅದಕ್ಕೆ ತಕ್ಕ ಕ್ಯಾಮ್, ಸ್ಪ್ರಿಂಗ್, ರಿಟೇನರ್ ಒಂದೇ ಸೆಟ್ಟಾಗಿ ತರಿಸಿಕೊಳ್ಳಿ.