ಸೆಟ್ಟು ಹಾಕಸೂದೋ, ಸ್ಕ್ರೂ ಹಾಕಸೂದೋ: ಮೊದಲ ಯಾವ ದವಡಿ ಅಂತ ಹೇಳ್ರಿ

ಹಲ್ಲೆಲ್ಲಾ ಹೋದ ಹಿರಿಯಾರಿಗೆ ತಗದಿಡೋ ಹಲ್ಲಿನ ಸೆಟ್ಟು ಚಲೋನೋ, ದವಡಿ ಎಲುಬಿನಾಗ ಸ್ಕ್ರೂ (ಇಂಪ್ಲಾಂಟು) ಕೂಡಿಸಿ ಅದರ ಮ್ಯಾಲೆ ಹಾಕೋ ಹಲ್ಲು ಚಲೋನೋ ಅನ್ನೋದು ಇಲ್ಲಿ ಮಾತು. ಅದಕ್ಕೂ ಮೊದಲ ಒಂದ ಮಾತು ಮುಗಿಸಿಬಿಡೂನು. ಮ್ಯಾಲಿನ ಹಲ್ಲು ಕೀಳಿಸಿದ್ರ ಕಣ್ಣು ಹೋಗತಾವ ಅನ್ನೋದು ಶುದ್ಧ ಸುಳ್ಳು. ಹಲ್ಲಿನ ನೋವು ಮಿದುಳಿಗೆ ಮುಟ್ಟಸೋದು ಐದನೇ ನರ, ಕಣ್ಣಿಗೆ ಕಂಡಿದ್ದನ್ನ ಒಯ್ಯೋದು ಎರಡನೇ ನರ, ಇದರ ದಾರಿ ಬ್ಯಾರೆ ಅದರ ದಾರಿ ಬ್ಯಾರೆ. ಅರವತ್ತರ ಆಜೂಬಾಜೂ ಹಲ್ಲು ಬೀಳೋದೂ ಕಣ್ಣಿಗೆ ಪೊರೆ ಬರೋದೂ ಜೋಡಿಲೇ ಬರತಾವ, ಅದಕ್ಕ ಒಂದರ ಗೂಬಿ ಇನ್ನೊಂದರ ಮ್ಯಾಲೆ ಕುಂದರಸ್ತಾರ. ಈ ಹೆದರಿಕಿಗೆ ಅಲ್ಲಾಡೋ ಹಲ್ಲು, ಕೀವು ಸೋರೋ ವಸಡು ಹಂಗ ಇಟ್ಕೊಂಡ ಹಿರಿಯಾರು ನಮ್ಮ ಬಾಗಲಕೋಟಿ ಕಡೆ ಓಣಿಗೊಬ್ಬರು ಸಿಗತಾರ, ಅಷ್ಟರಾಗ ಆ ಸೋಂಕು ಒಳಗಿನ ಎಲುಬು ತಿಂದಿರತೈತಿ, ಮುಂದ ಸೆಟ್ಟು ಕುಂದರಾಕ ಎಲುಬಿನ ದಿಂಡ (ಉಬ್ಬು) ಉಳಿದಿರಂಗಿಲ್ಲ.

ಅಂತೂ ಹಲ್ಲು ತಗಸಿದ್ರು ಅಂತ ತಿಳೀರಿ. ಆಮ್ಯಾಲೆ ಮನ್ಯಾಗ ವಾದ ಸುರು. "ನನ್ನ ವಯಸ್ಸಿಗೆ ಸ್ಕ್ರೂ ಯಾಕೋ, ತಗದಿಡೋ ಸೆಟ್ಟ ಸಾಕ ಬಿಡು" ಅಂತ ಅಪ್ಪ, "ರೊಕ್ಕದ ಚಿಂತಿ ಬಿಡ್ರಿ ಅಪ್ಪಾ, ಫಿಕ್ಸ್ (ಸ್ಕ್ರೂ ಮ್ಯಾಲೆ ಕಾಯಂ ಕುಂದರೋ ಹಲ್ಲು) ಹಾಕಸೂನು" ಅಂತ ಪುಣೆದಾಗಿರೋ ಮಗ. ಇಬ್ಬರೂ ಮ್ಯಾಲಿಂದು ಕೆಳಗಿಂದು ಒಂದ ಅಂತ ತಿಳಕೊಂಡ ವಾದ ಮಾಡತಿರತಾರ, ತಪ್ಪಾಗೋದು ಅಲ್ಲೇ.

ಮ್ಯಾಲಿನ ಸೆಟ್ಟಿಗೆ ಇಡೀ ಅಂಗುಳ ಸಿಗತೈತಿ, ಸರಾಸರಿ 23 ಚದರ ಸೆಂಟಿಮೀಟರ್ ಜಾಗ. ಸೆಟ್ಟಿಗೂ ವಸಡಿಗೂ ನಡುವ ಉಗುಳಿನ ತೆಳು ಪದರು, ಅಂಚಿಗೆ ಗಲ್ಲ ತುಟಿ ಒತ್ತಿ ಹಿಡಿದಿರತಾವ, ಗಾಳಿ ಒಳಗ ಹೋಗಂಗಿಲ್ಲ, ಹಿಂಗಾಗಿ ಅಂಟು ಗಿಂಟು ಇಲ್ದ ಗಟ್ಟಿ ಹಿಡಿತೈತಿ. ಕೆಳಗ ನೋಡ್ರಿ, ಕುದರಿ ಲಾಳದ ಆಕಾರದ ಬರೇ 12 ಚದರ ಸೆಂಟಿಮೀಟರ್, ನಡುವ ಸುಮ್ನ ಕುಂದರಲಾರದ ನಾಲಿಗಿ. ಮಾತಾಡಿದ್ರ ಏಳತೈತಿ, ಆಕಳಿಸಿದ್ರ ಏಳತೈತಿ. ಶೇಂಗಾ ಹಿಂಡಿ ಹಚ್ಚಿ ರೊಟ್ಟಿ ತಿಂದ್ರ ಒಂದ ಕಣ ಬುಡಕ ಹೊಕ್ಕಿದ್ದ ತಡ, ಪ್ರತಿ ತುತ್ತಿಗೂ ವಸಡಿಗೆ ಚುಚ್ಚತೈತಿ, ಹಿರಿಯಾರು ಪಾಪ ಬಾಯಿಗೆ ಟವೆಲ್ ಅಡ್ಡ ಹಿಡದು ಸೆಟ್ಟು ತಗದು ತೊಳಕೊಂಡು ಬರತಾರ. ಇದರ ಮ್ಯಾಲೆ ಇನ್ನೊಂದು ಪೆಟ್ಟು ಅಂದ್ರ, ಹಲ್ಲು ಹೋದ ಮ್ಯಾಲೆ ವರ್ಷಾನುಗಟ್ಲೆ ಅಳತಿ ಮಾಡಿ ನೋಡಿದಾಗ ಕೆಳಗಿನ ದವಡಿ ಮ್ಯಾಲಿಂದಕ್ಕಿಂತ ಸುಮಾರು ನಾಲ್ಕ ಪಟ್ಟು ಹೆಚ್ಚು ಸವಿತೈತಿ ಅಂತ ಗೊತ್ತಾಗೇತಿ.

ಎಲುಬು ಸವಿಯೋದು ಯಾಕ? ನನಗ ಭಾಳ ಸೇರೋ ಭಾಗ ಇದ. ಹಲ್ಲು ಎಲುಬಿಗೆ ನೇರ ಅಂಟಿರಂಗಿಲ್ಲ, ನಡುವ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರು ಐತಿ. ಕಡಿದಾಗೊಮ್ಮೆ ಆ ನಾರು ಎಲುಬನ್ನ ಜಗ್ಗತಾವ, ಆ ಜಗ್ಗಾಟ ಇರೋತನಕ ಎಲುಬು ತನ್ನನ್ನ ತಾನ ಕಟ್ಕೋತಿರತೈತಿ. ಹಲ್ಲು ಕಿತ್ತ ದಿನಾನ ಆ ಕೆಲಸ ಬಂದ್. ಗರಡಿ ಬಿಟ್ಟ ಪೈಲ್ವಾನನ ತೊಡಿ ಇಳಿದಂಗ ದವಡಿ ಇಳಿತೈತಿ. ಬಾಯಾಗ ಸೆಟ್ಟು ಐತೆಲ್ಲ ಅಂದ್ರ, ಅದು ಮ್ಯಾಲಿಂದ ಒತ್ತತೈತಿ ಅಷ್ಟ, ಜಗ್ಗಂಗಿಲ್ಲ, ಒತ್ತಿದ್ದಕ್ಕ ಎಲುಬು ಇನ್ನಷ್ಟು ಕರಗತೈತಿ. "ಡಾಕ್ಟರ್ ಅಳತಿ ಸರಿ ತಗೊಂಡಿಲ್ಲ, ಎರಡ ವರ್ಷಕ್ಕ ಸಡಲಾತು" ಅಂತ ಬೈತಾರಲ್ಲ, ಸೆಟ್ಟು ಇದ್ದಂಗ ಇರತೈತ್ರಿ, ಅದರ ಬುಡದ ದವಡಿ ಇಳದಿರತೈತಿ.

ಇಲ್ಲಿ ಸ್ಕ್ರೂ ಮಾಡೋ ಟೈಟೇನಿಯಮ್ ಲೋಹದ ಕಥಿ ಹೇಳಲಾರದ ಮುಂದ ಹೋಗಾಕ ನನಗ ಆಗಂಗಿಲ್ಲ. 1952ರ ಸುಮಾರಿಗೆ ಸ್ವೀಡನ್ನಿನ ಲುಂಡ್‌ದಾಗ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಅನ್ನೋರು ಮೊಲದ ಕಾಲೆಲುಬಿನಾಗ ರಕ್ತ ಹೆಂಗ ಹರೀತೈತಿ ನೋಡಾಕ ಟೈಟೇನಿಯಮ್ಮಿನ ಸಣ್ಣ ಕೊಳವಿ ಕೂಡಿಸಿದ್ರು. ಕೆಲಸ ಮುಗದ ಮ್ಯಾಲೆ ತಗೀಬೇಕು ಅಂದ್ರ ಬರವಲ್ದು, ಎಲುಬು ಅದಕ್ಕ ಬೆಸಗೊಂಡಿತ್ತು! ಹಲ್ಲಿನ ವಿಚಾರ ಅವರ ತಲ್ಯಾಗ ಇರಲೇ ಇಲ್ಲ. 1965ರಾಗ ಯೋಸ್ಟಾ ಲಾರ್ಸನ್ ಅನ್ನೋರ ದವಡಿಗೆ ಮೊದಲ ಸಲ ಟೈಟೇನಿಯಮ್ ಸ್ಕ್ರೂ ಹಾಕಿದ್ರು, ಅವರು 2006ರಾಗ ತೀರಿಕೊಳ್ಳೋತನಕ ಅವು ನಡದುವು. "ದೇಹಕ್ಕ ಲೋಹ ಒಗ್ಗಂಗಿಲ್ಲ, ಮಿದುಳಿಗೆ ಏರತೈತಿ" ಅನ್ನೋರಿಗೆ ಇಷ್ಟ ಹೇಳತೀನಿ: ಟೈಟೇನಿಯಮ್ ಗಾಳಿಗೆ ತಾಗಿದ ಕೂಡಲೇ ಮೈಮ್ಯಾಲೆ ಭಾಳ ತೆಳು ಆಕ್ಸೈಡ್ ಪದರು ಹೊದ್ಕೋತೈತಿ, ಎಲುಬಿನ ಜೀವಕೋಶ ಬಂದು ಕೂಡೋದು ಆ ಪದರಿನ ಮ್ಯಾಲೆ.

ಆದ್ರ ಎಲುಬು ನಾಜೂಕು ಮಾರಾಯ್ರ. 47 ಡಿಗ್ರಿ ಬಿಸಿ ಒಂದ ನಿಮಿಷ ತಾಗಿದ್ರ ಸಾಕು ಸುಟ್ಟ ಹೋಗತೈತಿ, ಅದಕ್ಕ ತೂತು ಹಾಕುವಾಗ ಸಾವಕಾಶ, ಸಲೈನ್ ಹನಿಸಿಗೋತ ಹಾಕ್ತಾರ. ಹಾಕಿದ ಮ್ಯಾಲೆ ಸ್ಕ್ರೂ ಮಿಲಿಮೀಟರಿನ ಏಳನೇ ಒಂದು ಭಾಗದಷ್ಟು ಅಲ್ಲಾಡಿದ್ರೂ ಎಲುಬು ಬೆಳೆಯೋ ಜಾಗಾದಾಗ ಬರೇ ನಾರು ಬೆಳಿತಾವ, ಅಲ್ಲಿಗೆ ಕೆಲಸ ಕೆಟ್ಟಂಗ. ಎರಡ ಮೂರ ತಿಂಗಳು ಕಾಯ್ರಿ ಅನ್ನೋದು ಇದಕ್ಕ.

ಈಗ ಅಪ್ಪ-ಮಗನ ವಾದಕ್ಕ ಬರೂನು. ಮ್ಯಾಲೆ ಎಲುಬು ಚಲೋ ಇದ್ರ ಸಾದಾ ಸೆಟ್ಟ ಸಾಕು, ಭಾಳ ಮಂದಿಗೆ ನಡೀತೈತಿ. ಕೆಳಗ ಮಾತ್ರ ಎರಡ ಇಂಪ್ಲಾಂಟು ಹಾಕಿ, ಅವುಗಳ ಮ್ಯಾಲೆ ಟಕ್ ಅಂತ ಕುಂದರೋ ಸೆಟ್ಟು. ಹಾಕೋದು ಕೋರೆಹಲ್ಲಿನ ಜಾಗಾದಾಗ, ಅಲ್ಲಿ ಎಲುಬು ಗಟ್ಟಿ, ದವಡಿ ಒಳಗ ಹಾಯೋ ದೊಡ್ಡ ನರಾನೂ ಅಷ್ಟರಾಗ ಹೊರಗ ಬಿದ್ದಿರತೈತಿ. 2002ರಾಗ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಾಗ ಕೂಡಿದ ತಜ್ಞರು, ಹಲ್ಲಿಲ್ಲದ ಕೆಳದವಡಿಗೆ ಮೊದಲ ಇದನ್ನ ಹೇಳ್ರಿ ಅಂತ ಹೇಳಿದ್ರು. ನಮ್ಮಲ್ಲಿ ಇನ್ನೂ "ಸಾದಾ ಇಲ್ಲಾ ಪೂರಾ ಫಿಕ್ಸ್" ಅಂತ ಎರಡ ಆಯ್ಕೆದಾಗ ಮಾತು ಮುಗಿತೈತಿ, ನನಗ ಸಿಟ್ಟು ಬರೋದು ಇದಕ್ಕ. ಪೂರಾ ಫಿಕ್ಸ್ ಬೇಕಂದ್ರ ಒಂದೊಂದ ದವಡಿಗೆ ನಾಲ್ಕರಿಂದ ಆರು ಬೇಕು, ಖರ್ಚೂ ಹಂಗ. ಅಮೀನಗಡದ ಕರದಂಟು ಕಡೀಬೇಕು ಅನ್ನೋರು ಹಾಕಸ್ಲಿ, ಬೆಳಗಾವಿ ಕುಂದಾ ಸಾಕು ಅನ್ನೋರಿಗೆ ಎರಡ ಭಾಳಾತು.

ವಯಸ್ಸು ಅಡ್ಡಿ ಅಲ್ಲ, ಎಂಬತ್ತರಾಗೂ ಎಲುಬು ಕೂಡತೈತಿ. ಅಡ್ಡಿ ಆಗೋದು ಹತೋಟ್ಯಾಗಿಲ್ಲದ ಸಕ್ಕರಿ ಕಾಯಿಲೆ, ಮುಖಕ್ಕ ಕೊಟ್ಟ ರೇಡಿಯೇಶನ್, ಎಲುಬು ಸವೆತಕ್ಕ ಇಲ್ಲಾ ಕ್ಯಾನ್ಸರಿಗೆ ಕೊಡೋ ಜೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್, ಅದನ್ನ ತಗೊಂಡಿದ್ರ ಹಲ್ಲು ಕೀಳೋಕಿಂತ ಮೊದಲ ಡಾಕ್ಟರಿಗೆ ಹೇಳಲೇಬೇಕು. ಮತ್ತ ತಂಬಾಕ. ಮಶೇರಿ ತಿಕ್ಕಿದ್ರ ಹಲ್ಲು ಗಟ್ಟಿ ಅನ್ನೋ ಅಜ್ಜಿಗೋಳು ಗಡಿಭಾಗದಾಗ ಇನ್ನೂ ಅದಾರ, ಮಶೇರಿ ಅಂದ್ರ ಸುಟ್ಟ ತಂಬಾಕದ ಪುಡಿನ, ವಸಡಿನ ರಕ್ತನಾಳ ಅದಕ್ಕ ಬಿಗಿತಾವ, ಗಾಯ ಬೇಗ ಮಾಯಂಗಿಲ್ಲ.

ರೊಕ್ಕ ಇಲ್ಲದವರು ಸುಮ್ನ ಬಾಯಿ ಬೋಳಾಗಿ ಇರಬೇಕಂತಿಲ್ಲ. ಬಿಪಿಎಲ್ ಕಾರ್ಡಿನ ಹಿರಿಯಾರಿಗೆ ಸೆಟ್ಟು ಕೊಡಾಕ ಸರ್ಕಾರ ದಂತಭಾಗ್ಯ ಅಂತ ಯೋಜನೆ ತಂದಿತ್ತು, ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಊರಾಗ ಡೆಂಟಲ್ ಕಾಲೇಜು ಅದಾವ, ಹೋಗಿ ವಿಚಾರಿಸ್ರಿ. ಸಾದಾ ಸೆಟ್ಟಿರಲಿ ಇಂಪ್ಲಾಂಟಿಂದಿರಲಿ, ತಗದಿಡೋದಿದ್ರ ರಾತ್ರಿ ತಗದು ತಣ್ಣೀರಾಗ ಇಡ್ರಿ, ಕುದಿಯೋ ನೀರು ಹಾಕಿದ್ರ ಸೊಟ್ಟ ಆಗತೈತಿ. ಇಂಪ್ಲಾಂಟಿಗೆ ಹುಳುಕು ಹತ್ತಂಗಿಲ್ಲ ಖರೆ, ಆದ್ರ ಸುತ್ತಲಿನ ವಸಡು ಕೊಳತ್ರ ಅದೂ ಅಲ್ಲಾಡಿ ಬರತೈತಿ, ದಿನಾ ಬ್ರಶ್ ಹಾಕಬೇಕು, ಟಕ್ ಅಂತ ಹಿಡಿಯೋ ನೈಲಾನ್ ಉಂಗುರ ಸವದಾಗೊಮ್ಮೆ ಬದಲಿಸಬೇಕು. ಹಾಕೋ ಮುಂಚೇನ ಆ ಉಂಗುರ ನಿಮ್ಮೂರಾಗ ಸಿಗತಾವೇನು ಅಂತ ಒಂದ ಸಲ ಕೇಳಿಬಿಡ್ರಿ.