ಆಫೀಸಲ್ಲಿ ಸರಿ ಇದ್ದ ಡ್ರೈವರ್ ಸರ್ಟಿಫಿಕೇಶನ್ ಟೆಸ್ಟಲ್ಲಿ ಮಾತ್ರ ಯಾಕೆ ಬೀಳ್ತದೆ?

ಪ್ರಶ್ನೆ: ಯುಎಸ್‌ಬಿ ಡಿವೈಸ್‌ಗೆ ವಿಂಡೋಸ್ ಡ್ರೈವರ್ ಬರ್ದಿದ್ದೇವೆ, ಇಲ್ಲಿ ವಾರಗಟ್ಟಲೆ ಓಡಿದ್ರೂ ಎಂತ ತೊಂದ್ರೆ ಇಲ್ಲ, ಹೆಚ್‌ಎಲ್‌ಕೆ (ಮೈಕ್ರೋಸಾಫ್ಟ್‌ನ ಸರ್ಟಿಫಿಕೇಶನ್ ಟೆಸ್ಟ್ ಕಿಟ್) ಟೆಸ್ಟ್ ಹಾಕಿದ ಕೂಡ್ಲೆ ನೀಲಿ ಸ್ಕ್ರೀನ್, ಕೋಡ್ ಸಿ4, ಮೊದಲ ಪ್ಯಾರಾಮೀಟರ್ 62. ಕಿಟ್ಟೇ ಸರಿ ಇಲ್ವಾ?

ಕಿಟ್ ಸರಿಯೇ ಉಂಟು ಮಾರಾಯ್ರೇ. ಸಿ4-62 ಅಂದ್ರೆ ಡ್ರೈವರ್ ತಗೊಂಡ ಪೂಲ್ ಮೆಮೊರಿ (ವಿಂಡೋಸ್‌ನ ಒಳಭಾಗ ಕರ್ನಲ್ ಹಂಚುವ ಮೆಮೊರಿ) ವಾಪಸ್ ಕೊಡದೆ ಅನ್‌ಲೋಡ್ ಆಗ್ಲಿಕ್ಕೆ ಹೊರಟಿದೆ ಅಂತ, ಹಿಡ್ಕೊಂಡದ್ದು ಡ್ರೈವರ್ ವೆರಿಫೈಯರ್, ಅಂದ್ರೆ ಡ್ರೈವರ್‌ನ ತಪ್ಪು ಹಿಡಿಯುವ ವಿಂಡೋಸ್‌ನದ್ದೇ ಟೂಲ್. ನಿಮ್ಮ ಟೇಬಲ್ ಮೇಲೆ ಡ್ರೈವರ್ ಒಮ್ಮೆ ಲೋಡ್ ಆದ್ರೆ ಮತ್ತೆ ಇಳಿಯುದೇ ಇಲ್ಲ, ಟೆಸ್ಟ್ ಆದ್ರೆ ಡಿವೈಸನ್ನು ಡಿಸೇಬಲ್ ಎನೇಬಲ್ ಮಾಡ್ತಾ, ಮಧ್ಯದಲ್ಲಿ ಕಿತ್ತ ಹಾಗೆ ಮಾಡ್ತಾ ಇರ್ತದೆ. ಯಕ್ಷಗಾನದ ಚೌಕಿ, ಅಂದ್ರೆ ವೇಷ ಕಟ್ಟುವ ಜಾಗ, ನೋಡಿದವ್ರಿಗೆ ಇದು ಬೇಗ ಗೊತ್ತಾಗ್ತದೆ, ರಾತ್ರಿ ಇಡೀ ಆಟ ನಡೀವಾಗ ಒಂದು ಭುಜಕೀರ್ತಿ ಎಲ್ಲೋ ಬಿದ್ದಿದ್ರೆ ಯಾರ ಕಣ್ಣಿಗೂ ಬೀಳುದಿಲ್ಲ, ಬೆಳಿಗ್ಗೆ ಪೆಟ್ಟಿಗೆ ತುಂಬಿಸ್ಲಿಕ್ಕೆ ಕೂತಾಗ್ಲೇ ಒಂದು ಕಮ್ಮಿ ಅಂತ ಕಾಣುದು. ಸಣ್ಣ ಲೀಕ್ ಅಲ್ವಾ ಅಂತ ಬಿಡ್ಬೇಡಿ. ಸಾಮಾನ್ಯ ಪ್ರೋಗ್ರಾಮ್ ಕ್ಲೋಸ್ ಆದ್ರೆ ಅದ್ರ ಮೆಮೊರಿ ವಾಪಸ್ ಬರ್ತದೆ, ಕರ್ನಲ್ ಪೂಲ್‌ದು ಹಾಗಲ್ಲ, ರೀಬೂಟ್ ಮಾಡುವವರೆಗೆ ಹೋದದ್ದು ಹೋದದ್ದೇ.

ಹುಡುಕುದು ಹೇಗೆ? ಕ್ರ್ಯಾಶ್‌ನ ನಾಲ್ಕನೇ ಪ್ಯಾರಾಮೀಟರ್‌ನಲ್ಲಿ ಎಷ್ಟು ಬ್ಲಾಕ್ ಬಾಕಿ ಅಂತ ಉಂಟು, ಮೊದಲು ಅದನ್ನು ನೋಡಿ. ಕರ್ನಲ್ ಡಂಪ್ (ಕ್ರ್ಯಾಶ್ ಆದಾಗಿನ ಕರ್ನಲ್ ಮೆಮೊರಿಯ ಪ್ರತಿ) ಬೇಕು, ಮಿನಿಡಂಪ್ ಸಾಕಾಗುದಿಲ್ಲ. ಅದನ್ನು ವಿನ್‌ಡಿಬಗ್ ಡಿಬಗರ್‌ನಲ್ಲಿ ತೆಗ್ದು, ಸಿಂಬಲ್ಸ್ (ಫಂಕ್ಷನ್ ಹೆಸ್ರು ತೋರಿಸುವ ಫೈಲ್) ಸರಿ ಇಟ್ಟು, ವೆರಿಫೈಯರ್ 3 ಕಮಾಂಡಿಗೆ ಡ್ರೈವರ್ ಹೆಸ್ರು ಕೊಟ್ರೆ ಪ್ರತಿ ಬ್ಲಾಕ್‌ನ ಅಡ್ರೆಸ್, ಸೈಜ್, ಟ್ಯಾಗ್ (ಮೆಮೊರಿ ತಗೊಳ್ಳುವಾಗ ಹಾಕುವ ಗುರುತು), ಯಾರು ಕರೆದದ್ದು ಎಲ್ಲ ಬರ್ತದೆ.

ಕಳೆದ ಮಳೆಗಾಲ ಕೊಟ್ಟಾರದ ನಮ್ಮ ಆಫೀಸಲ್ಲಿ ನಾವು ಸಿಕ್ಕಿಬಿದ್ದದ್ದು ಇಲ್ಲೇ, ಯಾಕಂದ್ರೆ ನಮ್ಮ ಅಲೋಕೇಶನ್ ಎಲ್ಲ ಒಂದೇ ರ‍್ಯಾಪರ್ ಫಂಕ್ಷನ್ ಮೂಲಕ, ಒಂದೇ ಟ್ಯಾಗ್ ಹಾಕಿ, ಹಾಗಾಗಿ ಎಲ್ಲ ಬ್ಲಾಕೂ ಅದೇ ಫಂಕ್ಷನ್ ತೋರಿಸ್ತಿತ್ತು. ಕಡೆಗೆ ಒಂದು ಬ್ಲಾಕ್‌ನ ಒಳಗೆ ಎಂತ ಉಂಟು ಅಂತ ಬೈಟ್ ತೋರಿಸುವ ಡಿಬಿ ಕಮಾಂಡ್ ಹೊಡೆದು ನೋಡಿದ್ರೆ ಶುರುವಲ್ಲೇ 12 01 00 02. ಯುಎಸ್‌ಬಿ ಕೆಲಸ ಮಾಡಿದವ್ರಿಗೆ ನೋಡಿದ ಕೂಡ್ಲೆ ಗೊತ್ತಾಗ್ತದೆ, ಅದು ಡಿವೈಸ್ ಡಿಸ್ಕ್ರಿಪ್ಟರ್, ಡಿವೈಸ್ ತನ್ನ ಪರಿಚಯ ಹೇಳುವ ತುಂಡು, ಉದ್ದ 18 ಬೈಟ್, ಹೆಕ್ಸಲ್ಲಿ 12. ಡಿಸ್ಕ್ರಿಪ್ಟರ್ ಓದುವ ಫಂಕ್ಷನ್ ಒಂದೇ ಇದ್ದದ್ದು, ತೆಗ್ದು ನೋಡಿದ್ರೆ ಓದಿದ ಮೇಲೆ ಕಾನ್ಫಿಗರೇಶನ್ ಸೆಲೆಕ್ಟ್ ಮಾಡುದು ಫೇಲ್ ಆದ್ರೆ ನೇರ ರಿಟರ್ನ್, ಫ್ರೀ ಇಲ್ಲ. ಡಿವೈಸ್ ಮಧ್ಯದಲ್ಲಿ ಹೋದಾಗ ಮಾತ್ರ ಆ ದಾರಿಗೆ ಹೋಗುದು. ಅವತ್ತಿನಿಂದ ಒಂದೊಂದು ಬಗೆಯ ಅಲೋಕೇಶನ್‌ಗೆ ಒಂದೊಂದು ಟ್ಯಾಗ್, ಇದ್ರಲ್ಲಿ ನನಗೆ ರಾಜಿ ಇಲ್ಲ.

ಇನ್ನೊಂದು ಬಗೆ ಉಂಟು, ಅದು ಸಿ4 ಕೊಡುದೇ ಇಲ್ಲ, ನನಗೆ ಹೆದರಿಕೆ ಅದ್ರದ್ದೇ. ಡಬ್ಲ್ಯೂಡಿಎಫ್ (ಮೈಕ್ರೋಸಾಫ್ಟ್‌ನ ಡ್ರೈವರ್ ಫ್ರೇಮ್‌ವರ್ಕ್) ಡ್ರೈವರ್‌ನಲ್ಲಿ ಪ್ರತಿ ರಿಕ್ವೆಸ್ಟ್‌ಗೆ ಮೆಮೊರಿ ಆಬ್ಜೆಕ್ಟ್ ಮಾಡಿ ಪೇರೆಂಟ್ ಅಂತ ಡಿವೈಸನ್ನೇ ಕೊಟ್ರೆ, ಡಿವೈಸ್ ಹೋಗುವಾಗ ಫ್ರೇಮ್‌ವರ್ಕೇ ಎಲ್ಲ ಫ್ರೀ ಮಾಡ್ತದೆ, ಲೆಕ್ಕ ಸರಿಯಾಗ್ತದೆ, ಆದ್ರೆ ಅಷ್ಟರವರೆಗೆ ಬೆಳೀತಾ ಇರ್ತದೆ. ಅದಕ್ಕೆ ಪೂಲ್ ಬಳಕೆಯನ್ನು ಟ್ಯಾಗ್ ಪ್ರಕಾರ ತೋರಿಸುವ ಪೂಲ್‌ಮಾನ್ ಟೂಲ್ ಓಡಿಸಿ, ಬಿ ಒತ್ತಿ ಬೈಟ್ ಪ್ರಕಾರ ಜೋಡಿಸಿ, ಲೋಡ್ ಕೊಟ್ಟು ಒಂದೆರಡು ಗಂಟೆ ಬಿಡಿ, ಡಿಫ್ ಕಾಲಮ್ (ತಗೊಂಡದ್ರಲ್ಲಿ ವಾಪಸ್ ಕೊಡದೆ ಉಳಿದ ಲೆಕ್ಕ) ಇಳಿಯದೆ ಏರ್ತಾನೇ ಇದ್ರೆ ಪೇರೆಂಟನ್ನು ರಿಕ್ವೆಸ್ಟ್‌ಗೆ ಬದಲಿಸಿ.

ತಿದ್ದಿದ ಮೇಲೆ ಪೂರ್ತಿ ಹೆಚ್‌ಎಲ್‌ಕೆಗೆ ಕಾಯ್ಬೇಡಿ, ಒಂದು ಟೆಸ್ಟ್ ಮೆಷೀನಲ್ಲಿ ವೆರಿಫೈಯರ್ ಹಾಕಿ ರೀಬೂಟ್ ಮಾಡಿ, ಡಿಸೇಬಲ್ ಎನೇಬಲ್ ಲೂಪ್ ರಾತ್ರಿ ಓಡ್ಲಿಕ್ಕೆ ಬಿಟ್ಟು ಮನೆಗೆ ಹೋಗಿ.